ವರ್ಷಕ್ಕೆ ನಾಲ್ಕೇ ಸಿಗಾರ್

ಸಿಗಾರ್ ಸೇದುವ ದಿನ ಮೊದಲು ಮಾಡಬೇಕಾದ ಕೆಲಸ ಹೊಟ್ಟೆ ತುಂಬ ಊಟ. ಕಟರ್, ಲೈಟರ್, ಡಬ್ಬಿ ಎಲ್ಲ ಆಮೇಲಿನ ಮಾತು.

ನಾನಿದನ್ನು ಕಲಿತದ್ದು 1996ರಲ್ಲಿ, ಮಗಳು ಹುಟ್ಟಿದ ವಾರ. ಪುಣೆಯ ಭೋಸರಿಯಲ್ಲಿದ್ದ ನಮ್ಮ ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದಿದ್ದ ಜರ್ಮನ್ ಫಿಟ್ಟರ್ ಒಬ್ಬನಿಗೆ ನಾನು ಧಾರವಾಡ ಪೇಡೆ ಕೊಟ್ಟೆ, ಅವನು ಮೇಲಿನ ಜೇಬಿನಿಂದ ಎರಡು ಸಿಗಾರ್ ತೆಗೆದು ನನ್ನ ಕೈಗಿಟ್ಟ. ಅವತ್ತು ಬೆಳಿಗ್ಗೆಯಿಂದ ಎರಡು ಕಪ್ ಚಹಾ ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ರಾತ್ರಿ ಆಸ್ಪತ್ರೆಯಿಂದ ಬಂದವನೇ ಗಚ್ಚಿಗೆ, ಅಂದರೆ ತಾರಸಿಗೆ, ಹೋಗಿ ಒಂದನ್ನು ಹಚ್ಚಿ, ಬೀಡಿ ಜಗ್ಗಿದ ಹಾಗೆ ಜಗ್ಗಿದೆ. ಹತ್ತು ನಿಮಿಷಕ್ಕೆ ತಣ್ಣನೆ ಬೆವರು, ಬಾಯಲ್ಲಿ ನೀರು, ಕೊಥರೂಡಿನ ದೀಪಗಳೆಲ್ಲ ಒಂದು ಸುತ್ತು ತಿರುಗಿದವು. ನೀರಿನ ಟಾಕಿ ಹಿಡಿದುಕೊಂಡು ಕೂತು ವಾಂತಿ ಮಾಡಿದೆ.

ಹೀಗೇಕಾಯಿತು ಎಂದು ಆಮೇಲೆ ತಿಳಿಯಿತು. ಸಿಗಾರಿನ ಹೊಗೆ ಕ್ಷಾರ ಗುಣದ್ದು. ಎದೆಗೆ ಎಳೆಯದೆ ಬಾಯಲ್ಲೇ ಇಟ್ಟು ಬಿಟ್ಟರೂ ಬಾಯಿಯ ಒಳಚರ್ಮದಿಂದಲೇ ನಿಕೋಟಿನ್ ರಕ್ತಕ್ಕೆ ಇಳಿಯುತ್ತದೆ. ದೊಡ್ಡ ಸಿಗಾರ್ ಒಂದರಲ್ಲಿ ಇಡೀ ಸಿಗರೇಟ್ ಪ್ಯಾಕಿನಷ್ಟು ತಂಬಾಕು ಇರಬಹುದು. ಖಾಲಿ ಹೊಟ್ಟೆ, ಗಡಿಬಿಡಿಯ ಜಗ್ಗಾಟ ಎರಡೂ ಸೇರಿದರೆ ಯಾರಾದರೂ ಟಾಕಿ ಹಿಡಿದುಕೊಳ್ಳಲೇಬೇಕು. ಅಂದಿನಿಂದ ಗಚ್ಚಿಗೆ ಹೋಗುವಾಗ ಜೇಬಿನಲ್ಲಿ ಒಂದು ತುಂಡು ಬೆಲ್ಲ ಇರುತ್ತದೆ. ತಲೆ ಹಗುರಾದಂತೆ ಅನಿಸಿದ ಕೂಡಲೇ ಸಿಗಾರ್ ಕೆಳಗಿಟ್ಟು, ಬೆಲ್ಲ ಬಾಯಿಗೆ ಹಾಕಿಕೊಂಡು, ನೀರು ಕುಡಿದು ಸುಮ್ಮನೆ ಕೂರುತ್ತೇನೆ. ಅವತ್ತಿನ ಸಿಗಾರ್ ಅಲ್ಲಿಗೇ ಮುಗಿಯಿತು ಎಂದುಕೊಳ್ಳುವುದರಲ್ಲಿ ಅವಮಾನವೇನಿಲ್ಲ.

ಎರಡನೆಯ ಸಿಗಾರನ್ನು ಊರಿಗೆ ಒಯ್ದೆ. ನನ್ನೂರು ನಿಪ್ಪಾಣಿ. ಕೊಲ್ಲಾಪುರ, ಕಾಗಲ ದಾಟಿ ಕೋಗನೊಳಿ ಬಂತೆಂದರೆ ಕರ್ನಾಟಕ. ಸುಗ್ಗಿಯ ದಿನಗಳಲ್ಲಿ ಬಸ್ಸಿನ ಕಿಟಕಿ ತೆಗೆದಿದ್ದರೆ ಊರಿಗಿಂತ ಮೊದಲು ತಂಬಾಕಿನ ಘಾಟು ಬಂದು ಸೀನು ಬರಿಸುತ್ತಿತ್ತು. ಬೀಡಿ ತಂಬಾಕಿನ ಪೇಟೆ ನಮ್ಮದು. 1981ರ ರೈತರ ಚಳವಳಿಯ ನೆನಪಿರುವವರಿಗೆ ಊರಿನ ಹೆಸರೂ ನೆನಪಿರುತ್ತದೆ. ಅಪ್ಪ ಮೂವತ್ತು ವರ್ಷ ಒಂದು ವಖಾರಿಯಲ್ಲಿ ಸರಕು ನೋಡುವ ಕೆಲಸ ಮಾಡಿದವರು. ಅಜ್ಜಿ ತವೆಯ ಮೇಲೆ ತಂಬಾಕು ಹುರಿದು ಮಶೇರಿ ಮಾಡಿ ಹಲ್ಲಿಗೆ ತಿಕ್ಕುತ್ತಿದ್ದಳು. ಆ ವಾಸನೆಗೆ ನಾವು ಹುಡುಗರು ಅಂಗಳಕ್ಕೆ ಓಡುತ್ತಿದ್ದೆವು.

ಅಪ್ಪ ಸಿಗಾರನ್ನು ಹಚ್ಚಲಿಲ್ಲ. ಕಿವಿಯ ಹತ್ತಿರ ಹಿಡಿದು ಹೆಬ್ಬೆರಳು ತೋರುಬೆರಳಿನ ನಡುವೆ ಮೆಲ್ಲಗೆ ಹೊರಳಿಸಿದರು. ತುದಿಯಿಂದ ಬುಡದವರೆಗೆ ಒತ್ತುತ್ತ ಬಂದರು, ಒಂದು ಕಡೆ ನಿಂತು ಮತ್ತೊಮ್ಮೆ ಒತ್ತಿದರು. ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. "ಹದಾ ಚಲೋ ಐತಿ" ಅಂದರು. "ಯಾರ ಮಾಡ್ಯಾರೋ, ಅವಂಗ ಕೆಲಸ ಗೊತ್ತೈತಿ." ಸೇದ್ತೀರೇನು ಅಂದದ್ದಕ್ಕೆ, "ಮೂವತ್ತ ವರ್ಸ ಇದರ ಧೂಳಾ ಕುಡದೇನಿ, ಇನ್ನ ಹೊಗಿ ಯಾಕ ಬೇಕ?" ಅಂದರು.

ನನ್ನ ವೃತ್ತಿ ಅಳತೆ ಉಪಕರಣಗಳನ್ನು ತಾಳೆ ನೋಡುವುದು, ಮೈಕ್ರೋಮೀಟರ್, ಗೇಜು, ಮಾಪಕ ಇವೇ ನನ್ನ ಜೊತೆಗಾರರು. ಆದರೂ ಸಿಗಾರಿನ ವಿಷಯದಲ್ಲಿ ನಾನು ಕಲಿತದ್ದೆಲ್ಲ ಅಪ್ಪನ ಆ ಒಂದು ಮಾತಿನ ವಿವರ: ಹದ. ಹೊಲಕ್ಕೆ ಹದ, ಹಿಟ್ಟಿಗೆ ಹದ, ಪಾಕಕ್ಕೆ ಹದ ಅನ್ನುತ್ತೇವಲ್ಲ, ಅದೇ. ಸಿಗಾರ್ ಅಂದರೆ ಒಣಗಿಯೂ ಒಣಗದ ಎಲೆ. ಆ ಸ್ಥಿತಿಯಲ್ಲಿ ಅದನ್ನು ಉಳಿಸಿಕೊಂಡರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ. ಸೇದುವುದು ಉಳಿದ ಕಾಲು ಪಾಲು, ಅದೂ ನನ್ನ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕೇ ಸಲ.

ಒಳಗೇನಿದೆ ಎಂದು ಹೋಳಿಗೆಯ ಲೆಕ್ಕದಲ್ಲಿ ಹೇಳುತ್ತೇನೆ. ನಡುವೆ ಹೂರಣ: ಉದ್ದುದ್ದ ಮಡಿಸಿದ ಎಲೆಗಳು, ಅಂಗಡಿಯವರ ಮಾತಿನಲ್ಲಿ ಫಿಲ್ಲರ್. ಅದನ್ನು ಹಿಡಿದಿಡುವ ಗಟ್ಟಿ ಎಲೆ ಬೈಂಡರ್. ಹೊರಗೆ ನರ ಕಾಣದಂಥ ನುಣುಪಾದ ಎಲೆ ರ‍್ಯಾಪರ್. ಬಾಯಿಗೆ ಬರುವ ತುದಿಗೆ ಅದೇ ಎಲೆಯ ಪುಟ್ಟ ಟೋಪಿ. ಕ್ಯೂಬಾದವರು ಹೂರಣದ ಎಲೆಯನ್ನು ಗಿಡದ ಎತ್ತರ ನೋಡಿ ಹೆಸರಿಡುತ್ತಾರೆ. ಕೆಳಗಿನದು ವೊಲಾಡೊ, ಚೆನ್ನಾಗಿ ಉರಿಯುತ್ತದೆ, ರುಚಿ ಕಡಿಮೆ. ನಡುವಿನದು ಸೆಕೊ, ಪರಿಮಳ ಅದರದು. ಬಿಸಿಲು ಹೆಚ್ಚು ಉಂಡ ಮೇಲಿನ ಎಲೆ ಲಿಹೇರೊ, ದಪ್ಪ, ಘಾಟು, ನಿಧಾನ ಉರಿ. ಅದಕ್ಕೇ ಲಿಹೇರೊವನ್ನು ನಟ್ಟನಡುವೆ ಇಟ್ಟು ಸುತ್ತುತ್ತಾರೆ. ನಮ್ಮ ಬೀಡಿ ತಂಬಾಕು ಹೊಲದಲ್ಲೇ ಬಿಸಿಲಿಗೆ ಒಣಗಿ, ಪುಡಿಯಾಗಿ, ಜರಡಿಗೆ ಬೀಳುತ್ತದೆ. ಸಿಗಾರಿನ ಎಲೆ ಹಾಗಲ್ಲ. ಅದನ್ನು ನೆರಳಿನ ಕೊಟ್ಟಿಗೆಯಲ್ಲಿ ತೂಗುಹಾಕಿ ಗಾಳಿಗೆ ಒಣಗಿಸಿ, ಆಮೇಲೆ ಒಟ್ಟಿ ಬಣವೆ ಮಾಡುತ್ತಾರೆ. ಬಣವೆ ತಾನಾಗಿಯೇ ಬಿಸಿಯೇರಿ ಅಮೋನಿಯಾ ಬಿಡುತ್ತದೆ. ಬಿಚ್ಚಿ, ಮೇಲಿನದನ್ನು ಕೆಳಗೆ ಮಾಡಿ ಮತ್ತೆ ಒಟ್ಟುತ್ತಾರೆ. ಎಳೆ ಸಿಗಾರಿನಲ್ಲಿ ಮೂಗಿಗೆ ಚುರ್ ಅನ್ನುವುದು ಇದೇ ಅಮೋನಿಯಾದ ಉಳಿಕೆ. ಹವಾನಾದ ಕಾರ್ಖಾನೆಗಳಲ್ಲಿ 1865ರಿಂದ ಒಂದು ಪದ್ಧತಿ ಇದೆ. ಕೂತು ಸುತ್ತುವವರಿಗೆ ಬೇಸರವಾಗದಂತೆ ಒಬ್ಬ ಎತ್ತರದಲ್ಲಿ ಕುಳಿತು ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದುತ್ತಾನೆ. ನಮ್ಮ ವಖಾರಿಯಲ್ಲಿ ಓದುವವರಿರಲಿಲ್ಲ. ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಹಾಡುತ್ತಿದ್ದರು, ನಡುನಡುವೆ ಕೆಮ್ಮುತ್ತಿದ್ದರು.

ಅಂದ ಹಾಗೆ ಪಶ್ಚಿಮ ಕರಾವಳಿಯಲ್ಲಿ ಈ ಎಲೆಯನ್ನು ಇಳಿಸಿದವರು ಪೋರ್ಚುಗೀಸರು. ಹದಿನೇಳನೆಯ ಶತಮಾನದ ಆರಂಭದಲ್ಲಿ ಅಕ್ಬರನ ದೂತ ಅಸದ್ ಬೇಗ್ ತಂಬಾಕನ್ನು ಮೊದಲು ಕಂಡದ್ದು ನಮ್ಮ ವಿಜಾಪುರದಲ್ಲಿ. ಅಲ್ಲಿಂದ ಹೊಗೆ ಸೇದುವ ಕೊಳವೆಯ ಸಮೇತ ಬಾದಶಹನಿಗೆ ಒಯ್ದ. ಜಹಾಂಗೀರ್ 1617ರಲ್ಲಿ ನಿಷೇಧಿಸಿ ನೋಡಿದ, ಆಗಲಿಲ್ಲ. ಇನ್ನು ಚೆರೂಟ್ ಎಂಬ ಇಂಗ್ಲಿಷ್ ಮಾತು ಬಂದದ್ದೇ ತಮಿಳಿನ ಸುರುಟ್ಟುವಿನಿಂದ. ಸುರುಳಿ ಎಂಬ ನಮ್ಮ ಮಾತಿನ ದಾಯಾದಿ ಅದು. ತಿರುಚಿನಾಪಳ್ಳಿಯ ಚೆರೂಟ್ ಒಂದು ಕಾಲಕ್ಕೆ ಲಂಡನ್ನಿನವರೆಗೆ ಹೆಸರಾಗಿತ್ತು. ಎರಡೂ ತುದಿ ತೆರೆದೇ ಇರುವುದರಿಂದ ಅದಕ್ಕೆ ಕಟರೂ ಬೇಡ.

ಈಗ ಕೊಳ್ಳುವ ವಿಷಯ. ಮೊದಲ ಸಲಕ್ಕೆ ದೊಡ್ಡದು ಬೇಡ. ಸಿಗಾರಿನ ದಪ್ಪವನ್ನು ಒಂದು ಇಂಚಿನ 64ನೇ ಭಾಗಗಳಲ್ಲಿ ಹೇಳುತ್ತಾರೆ. ರೊಬುಸ್ಟೊ ಎಂದರೆ ಸುಮಾರು 5 ಇಂಚು ಉದ್ದ, 50 ದಪ್ಪ, ಅಂದರೆ 19.8 ಮಿಲಿಮೀಟರ್. ನಾನು ವರ್ನಿಯರ್ ಹಿಡಿದು ನೋಡಿದ್ದೇನೆ, ಹೆಂಡತಿ ನಕ್ಕಿದ್ದಾಳೆ. ಒಂದೇ ಪೆಟ್ಟಿಗೆಯ ಐದರಲ್ಲಿ ಎರಡಕ್ಕೆ ಅರ್ಧ ಮಿಲಿಮೀಟರ್ ವ್ಯತ್ಯಾಸ ಸಿಕ್ಕಿತು. ಕೈಯಿಂದ ಸುತ್ತಿದ್ದಕ್ಕೆ ಅದೇ ಸಾಕ್ಷಿ ಎಂದು ಸಮಾಧಾನಪಟ್ಟೆ. ರೊಬುಸ್ಟೊ ಮುಗಿಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಹೊಸಬರಿಗೆ ಪೆಟಿಟ್ ಕರೋನಾ ಸಾಕು: ಐದು ಇಂಚಿನ ಆಸುಪಾಸು, 42 ದಪ್ಪ, ಅರ್ಧ ಗಂಟೆಯ ಲೆಕ್ಕ. ಬಣ್ಣ ಕಪ್ಪಾದಷ್ಟೂ ಘಾಟು ಹೆಚ್ಚು ಎನ್ನುವುದು ತಪ್ಪು ತಿಳುವಳಿಕೆ. ಕಡುಗಂದು ಹೊದಿಕೆ ಎಷ್ಟೋ ಸಲ ಸಿಹಿಯಾಗಿರುತ್ತದೆ, ಘಾಟು ಒಳಗಿನ ಹೂರಣದ್ದು.

ಗೋವೆಯ ಬೀಚಿನಲ್ಲಿ ಒಬ್ಬನು ನನಗೊಮ್ಮೆ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ "ಅಸಲಿ ಕೊಹಿಬಾ" ಎಂದು ಕ್ಯೂಬಾದ ಹೆಸರಾಂತ ಸಿಗಾರ್ ಮಾರಿದ. ಚೌಕಾಶಿ ಮಾಡಿ ಅರ್ಧಕ್ಕೆ ಇಳಿಸಿದೆನೆಂದು ಸಂಜೆಯವರೆಗೆ ಬೀಗಿದೆ. ರಾತ್ರಿ ಬ್ಲೇಡಿನಿಂದ ಒಂದನ್ನು ಸೀಳಿ ನೋಡಿದರೆ ಒಳಗೆ ಉದ್ದ ಎಲೆ ಒಂದೂ ಇಲ್ಲ, ಕಡ್ಡಿ ಕಸದ ಪುಡಿ. ನಿಪ್ಪಾಣಿಯವನಿಗೆ ಟೋಪಿ! ಗಾಜಿನ ಮುಚ್ಚಳದಲ್ಲಿ ಅಸಲಿ ಕೊಹಿಬಾ ಬರುವುದೇ ಇಲ್ಲ ಎಂದು ಆಮೇಲೆ ಗೊತ್ತಾಯಿತು. ಆದ್ದರಿಂದ ತೇವ ಕಾಯುವ ಪೆಟ್ಟಿಗೆಯಲ್ಲಿಟ್ಟು ಮಾರುವ ಅಂಗಡಿಗೇ ಹೋಗಿ. ನಮ್ಮ ದೇಶದಲ್ಲಿ ಕಾನೂನು ಪ್ರಕಾರ ಮಾರುವ ತಂಬಾಕಿನ ಪೊಟ್ಟಣದ ಮುಖದ ನೂರಕ್ಕೆ 85 ಭಾಗ ಎಚ್ಚರಿಕೆಯ ಚಿತ್ರ ಇರಬೇಕು. ಅದಿಲ್ಲದ ಪೆಟ್ಟಿಗೆ ಕಳ್ಳದಾರಿಯಲ್ಲಿ ಬಂದದ್ದು, ದಾರಿಯಲ್ಲಿ ಎಷ್ಟು ಬಿಸಿಲು ಕಂಡಿದೆಯೋ ದೇವರೇ ಬಲ್ಲ. ಹೊರದೇಶದಿಂದ ಬರುವ ನೆಂಟರಿಗೆ ಹೇಳುವುದಾದರೆ, ಸುಂಕವಿಲ್ಲದೆ 25 ಸಿಗಾರ್ ತರಬಹುದು. ಅದು 100 ಸಿಗರೇಟ್ ಅಥವಾ 125 ಗ್ರಾಂ ತಂಬಾಕಿನ ಬದಲಿಗೆ, ಅವುಗಳ ಜೊತೆಗಲ್ಲ.

ಅಂಗಡಿಯಲ್ಲಿ ಅಪ್ಪ ಮಾಡಿದಂತೆ ಮಾಡಿ, ಆದರೆ ಮೆತ್ತಗೆ. ಒತ್ತಿದಾಗ ತುಸು ತಗ್ಗಿ ಮತ್ತೆ ಮೇಲೆ ಬರಬೇಕು. ಚರಚರ ಸದ್ದು ಬಂದರೆ ಒಣಗಿದೆ. ಒತ್ತಿದ ಗುರುತು ಹಾಗೇ ಉಳಿದರೆ ನೀರು ಕುಡಿದಿದೆ. ಒಂದು ಕಡೆ ಗಂಟಿನಂತೆ ಗಟ್ಟಿಯಿದ್ದರೆ ಅಲ್ಲಿ ಹೊಗೆ ನಿಲ್ಲುತ್ತದೆ. ಅಪ್ಪ ಎರಡನೆಯ ಸಲ ಒತ್ತಿದ್ದು ಅದನ್ನೇ ಹುಡುಕಲು.

ಮನೆಗೆ ತಂದ ಮೇಲಿನ ಕಥೆಯೇ ದೊಡ್ಡದು. ಪುಣೆಯಲ್ಲಿ ಏಪ್ರಿಲ್ ಮಧ್ಯಾಹ್ನ ನನ್ನ ಮಾಪಕ ಗಾಳಿಯ ತೇವ ನೂರಕ್ಕೆ 22 ತೋರಿಸಿದ್ದುಂಟು, ಜುಲೈನಲ್ಲಿ 88. ಸಿಗಾರಿಗೆ ಬೇಕಾದದ್ದು 65ರಿಂದ 70. ಅಂದರೆ ನಮ್ಮ ಹವೆ ವರ್ಷದಲ್ಲಿ ಎರಡು ಸಲ ಅದನ್ನು ಕೊಲ್ಲಲು ನೋಡುತ್ತದೆ, ಒಮ್ಮೆ ಬಾಯಾರಿಸಿ, ಒಮ್ಮೆ ಮುಳುಗಿಸಿ. ಮುಂಬಯಿಯ ಮಾಟುಂಗಾದಲ್ಲಿರುವ ನನ್ನ ಭಾವನಿಗೆ ಎರಡನೆಯ ಕಾಟ ಮಾತ್ರ. ಮಳೆಗಾಲದಲ್ಲಿ ಅವರ ಚರ್ಮದ ಚಪ್ಪಲಿಗೆ, ಬೆಲ್ಟಿಗೆ ಬಂದ ಬೂಷ್ಟು ಒಂದು ವರ್ಷ ಸಿಗಾರಿಗೂ ಬಂತು. ಗೋವೆಯ ಗೆಳೆಯನದೂ ಅದೇ ಗೋಳು, ಮೇಲೆ ಕರೆಂಟ್ ಹೋಗುವ ಕಾಟ ಬೇರೆ.

ಹ್ಯೂಮಿಡಾರ್ ಎಂಬ, ತೇವ ಕಾಯುವ ಮರದ ಚೆಂದದ ಪೆಟ್ಟಿಗೆ ಕೊಳ್ಳಬೇಡಿ, ಮೊದಲಿಗಂತೂ ಬೇಡ. ಅಗ್ಗದವು ಮುಚ್ಚಳದ ಸಂದಿಯಲ್ಲಿ ಗಾಳಿ ಬಿಡುತ್ತವೆ. ನಾನೊಂದು ಕೊಂಡು ಮೋಸಹೋದೆ, ಈಗ ಅದರಲ್ಲಿ ಹೆಂಡತಿಯ ಸೂಜಿ ದಾರ ಇವೆ. ಅಡುಗೆ ಪಾತ್ರೆಯ ಅಂಗಡಿಯಲ್ಲಿ ಸಿಗುವ, ನಾಲ್ಕೂ ಕಡೆ ಚಿಲಕವಿದ್ದು ಮುಚ್ಚಳಕ್ಕೆ ರಬ್ಬರ್ ಅಂಚಿರುವ ಪ್ಲಾಸ್ಟಿಕ್ ಡಬ್ಬಿ ತನ್ನಿ. ಹೊಸದೇ ಆಗಬೇಕು. ಉಪ್ಪಿನಕಾಯಿ, ಮಸಾಲೆ ಇಟ್ಟದ್ದಾದರೆ ಆರು ತಿಂಗಳಲ್ಲಿ ನಿಮ್ಮ ಸಿಗಾರ್ ಇಂಗಿನ ವಾಸನೆ ಹೊಡೆಯುತ್ತದೆ. ತೊಳೆದು, ಮುಚ್ಚಳ ತೆಗೆದು ಎರಡು ದಿನ ಗಾಳಿಗಿಡಿ. ಸಿಗಾರ್ ಪೆಟ್ಟಿಗೆಯಲ್ಲಿ ಬರುವ ತೆಳು ಸೀಡರ್ ಹಲಗೆ ತಳಕ್ಕೆ ಹಾಸಿ. ತೇವಕ್ಕೆ ಬೊವೆಡಾದಂಥ ಪೊಟ್ಟಣ ಒಂದು ಸಾಕು. ಒಳಗೆ ಉಪ್ಪಿನ ದ್ರಾವಣವಿರುತ್ತದೆ. ಹವೆ ಒಣಗಿದ್ದರೆ ತೇವ ಬಿಡುತ್ತದೆ, ಹೆಚ್ಚಾದರೆ ಹೀರುತ್ತದೆ. 65, 69, 72 ಎಂದು ಅಂಕಿ ಬರೆದಿರುತ್ತದೆ, ನನ್ನದು ವರ್ಷವಿಡೀ 65. ಪೊಟ್ಟಣ ಒತ್ತಿದರೆ ಮೆತ್ತಗಿರಬೇಕು, ಗಟ್ಟಿ ಹಪ್ಪಳದಂತಾದರೆ ಅದರ ಆಯಸ್ಸು ಮುಗಿಯಿತು.

ಡಬ್ಬಿಯೊಳಗೆ ಒಂದು ಪುಟ್ಟ ತೇವಮಾಪಕ ಇಡಿ, ಆದರೆ ಅದನ್ನು ನಂಬಬೇಡಿ. ಇಲ್ಲಿ ನನ್ನ ವೃತ್ತಿಯ ಮಾತು ಕೇಳಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ನಾಲ್ಕೈದು ಹನಿ ನೀರು ಹಾಕಿ ಒದ್ದೆ ಮರಳಿನಂತೆ ಮಾಡಿ. ಕರಗಿಸಬಾರದು. ಅದನ್ನೂ ಮಾಪಕವನ್ನೂ ಜಿಪ್ ಚೀಲದಲ್ಲಿಟ್ಟು ಮುಚ್ಚಿ, ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಒದ್ದೆ ಉಪ್ಪು ತನ್ನ ಸುತ್ತಲಿನ ಗಾಳಿಯನ್ನು ಸರಿಯಾಗಿ 75ಕ್ಕೆ ತಂದು ನಿಲ್ಲಿಸುತ್ತದೆ. ಬೆಳಿಗ್ಗೆ ಮಾಪಕ 71 ತೋರಿಸಿದರೆ ಅದು ನಾಲ್ಕು ಕಡಿಮೆ ಹೇಳುವ ಜಾತಿಯದು ಎಂದು ಹಿಂದೆ ಒಂದು ಚೀಟಿ ಅಂಟಿಸಿ. ಲಕ್ಷದ ಯಂತ್ರಗಳನ್ನು ತಾಳೆ ನೋಡಿದವನಿಗೂ ಒಂದು ಚಿಟಿಕೆ ಉಪ್ಪಿನ ಈ ಕೆಲಸ ಇನ್ನೂ ಖುಷಿ ಕೊಡುತ್ತದೆ.

ಡಬ್ಬಿಯನ್ನು ಮನೆಯ ತಂಪಾದ ಮೂಲೆಯಲ್ಲಿಡಿ, ಫ್ರಿಜ್ಜಿನ ಮೇಲೆ ಬೇಡ. ಒಂದು ಮೇ ತಿಂಗಳು ನಾವು ಊರಿಗೆ ಹೋಗಿ ಹನ್ನೆರಡು ದಿನ ಮನೆ ಮುಚ್ಚಿತ್ತು. ಬಂದು ತೆಗೆದರೆ ಮೂರು ಸಿಗಾರಿನ ಮೈಯಲ್ಲಿ ಸೂಜಿ ಚುಚ್ಚಿದಂಥ ದುಂಡು ತೂತು, ತಳದಲ್ಲಿ ಕಂದು ಪುಡಿ. ನಾನು ಗಾಬರಿಯಾಗಿ ನಿಂತಿದ್ದೆ. ಹೆಂಡತಿ ಬಗ್ಗಿ ನೋಡಿ, "ಅಯ್ಯ, ಇದು ನಮ್ಮ ಕೊತ್ತಂಬ್ರಿ ಬೀಜದ ಹುಳಾರೀ" ಅಂದಳು. ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ತಂಬಾಕಿನ ಹುಳವೇ ಒಣಮೆಣಸಿನಕಾಯಿ, ಅರಿಶಿನ, ಕೊತ್ತಂಬರಿಗೂ ಬೀಳುತ್ತದೆ. ಮೊಟ್ಟೆ ಎಲೆಯಲ್ಲೇ ಬಂದಿರುತ್ತದೆ, ಸೆಕೆ ಏರಿದರೆ ಒಡೆಯುತ್ತದೆ. ತೂತಾದವನ್ನು ಎಸೆದೆ. ಉಳಿದವನ್ನು ಎರಡೆರಡು ಜಿಪ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿ ಮೂರು ದಿನ, ಆಮೇಲೆ ಕೆಳಗಿನ ಫ್ರಿಜ್ಜಿನಲ್ಲಿ ಒಂದು ದಿನ, ಕೊನೆಗೆ ಹೊರಗೆ. ಫ್ರೀಜರಿನಿಂದ ಸೀದಾ ಸೆಕೆಗೆ ತಂದರೆ ಹೊದಿಕೆ ಸೀಳುತ್ತದೆ. ತೆಂಗಿನ ತುರಿಯ ಪಕ್ಕ ಸಿಗಾರ್ ಇಟ್ಟದ್ದಕ್ಕೆ ಆ ನಾಲ್ಕು ದಿನ ನಾನು ಕೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಈಗ ಹೊಸದು ಏನೇ ಬರಲಿ, ಮೊದಲು ಫ್ರೀಜರ್, ಆಮೇಲೆ ಡಬ್ಬಿ.

ಬೂಷ್ಟು ಬಂದರೆ? ಹೊದಿಕೆಯ ಮೇಲೆ ಚುಕ್ಕೆಯಷ್ಟಿದ್ದರೂ ನಾನು ಎಸೆಯುತ್ತೇನೆ. ಅದು ಬೂಷ್ಟಲ್ಲ, ಎಲೆಯ ಎಣ್ಣೆ ಹರಳುಗಟ್ಟಿದ್ದು ಎಂದು ಮಾರುವವರು ಹೇಳುತ್ತಾರೆ. ಹತ್ತಿಯಂತೆ ನೂಲು ನೂಲಾಗಿದ್ದರೆ ವಾದ ಬೇಡ. ಭಾವ ಮಾತ್ರ ದುಡ್ಡು ಕೊಟ್ಟಿದ್ದೇನೆ ಎಂದು ಒರೆಸಿ ಸೇದಿದರು. ಹಳೆಯ ಗೋಣಿಚೀಲ ಸುಟ್ಟಂತಿತ್ತಂತೆ.

ಇನ್ನು ಸೇದುವ ಸಂಜೆ. ಜಾಗ ಮೊದಲು ನೋಡಿಕೊಳ್ಳಿ. ಸಾರ್ವಜನಿಕ ಸ್ಥಳದಲ್ಲಿ ಸೇದುವುದಕ್ಕೆ 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ನಿಷೇಧವಿದೆ, ಕೇಂದ್ರದ ಕಾಯ್ದೆಯಲ್ಲಿ ದಂಡ 200 ರೂಪಾಯಿವರೆಗೆ, ಕರ್ನಾಟಕದಲ್ಲಿ 2025ರಿಂದ 1000 ರೂಪಾಯಿವರೆಗೆ. ಗೋವೆಯವರು 1997ರಲ್ಲೇ ತಮ್ಮದೊಂದು ಕಾಯ್ದೆ ಮಾಡಿಕೊಂಡಿದ್ದರು. ಸೊಸೈಟಿಯ ಗಚ್ಚಾದರೆ ಅಕ್ಕಪಕ್ಕದವರನ್ನು ಕೇಳಿ. ಬಾಲ್ಕನಿಯಲ್ಲಿ ನಾನೊಮ್ಮೆ ಹಚ್ಚಿ, ಮೇಲಿನ ಮನೆಯ ಕಾಕುವಿನ ಒಣಹಾಕಿದ ರೇಷ್ಮೆ ಸೀರೆಗೆ ವಾಸನೆ ಹತ್ತಿ, ಒಂದು ಡಬ್ಬಿ ಬಾಕರವಡಿ ದಂಡ ಕಟ್ಟಿದ್ದೇನೆ. ಮಕ್ಕಳು, ಬಸುರಿಯರು, ದಮ್ಮಿನವರು ಇರುವಲ್ಲಿ ಬೇಡವೇ ಬೇಡ.

ಟೋಪಿ ಕತ್ತರಿಸುವುದು ಹೀಗೆ. ತಲೆಯ ಕಡೆ ದಿಟ್ಟಿಸಿ ನೋಡಿದರೆ ಟೋಪಿಯ ಎಲೆ ಹೊದಿಕೆಗೆ ಸೇರುವ ಸಣ್ಣ ಗೆರೆ ಕಾಣುತ್ತದೆ. ಆ ಗೆರೆಯ ಮೇಲ್ಗಡೆ, ತುದಿಯಿಂದ ಎರಡು ಮಿಲಿಮೀಟರಿನಷ್ಟೇ ಕತ್ತರಿಸಬೇಕು. ಗೆರೆ ದಾಟಿದರೆ ಹೊದಿಕೆ ಬಾಳೆಸಿಪ್ಪೆಯಂತೆ ಬಿಚ್ಚಿಕೊಳ್ಳುತ್ತದೆ. ಎರಡು ಅಲಗಿನ ಕಟರ್ ತಗೊಳ್ಳಿ, ಸಿಗಾರ್ ತೂರಿಸಿ, ಗೆರೆ ನೋಡಿಕೊಂಡು ಒಂದೇ ಏಟಿಗೆ ಕಟ್ ಅನ್ನಿಸಿ. ಅಳುಕಿ ಅಳುಕಿ ಒತ್ತಿದರೆ ಹರಿಯುತ್ತದೆ. ಕಟರ್ ಇಲ್ಲದೆ ನಾನೊಮ್ಮೆ ಅಜ್ಜಿಯ ಅಡಕತ್ತಿ ಹಚ್ಚಿದೆ. ಅಡಿಕೆ ಒಡೆಯುವುದಕ್ಕೂ ಎಲೆ ಕೊಯ್ಯುವುದಕ್ಕೂ ವ್ಯತ್ಯಾಸ ಏನೆಂದು ಅವತ್ತು ಗೊತ್ತಾಯಿತು, ಸಿಗಾರ್ ಚಪ್ಪಟೆಯಾಗಿ ತುದಿ ಸಿಡಿಯಿತು. ಕತ್ತರಿಸಿದ ಮೇಲೆ ಹಚ್ಚದೆಯೇ ಒಮ್ಮೆ ಎಳೆದು ನೋಡಿ. ಸ್ಟ್ರಾ ಹಾಕಿ ಕಬ್ಬಿನ ಹಾಲು ಹೀರುವಷ್ಟು ತಡೆ ಇರಬೇಕು. ಒಣ ಹುಲ್ಲಿನ, ಒಮ್ಮೊಮ್ಮೆ ಕೋಕೋದ ರುಚಿ ನಾಲಗೆಗೆ ಸಿಗುತ್ತದೆ. ಈ ಹಚ್ಚದ ಎಳೆತವೇ ನನಗೆ ಎಲ್ಲಕ್ಕಿಂತ ಇಷ್ಟ.

ಹಚ್ಚಲು ಗ್ಯಾಸ್ ತುಂಬಿದ ಜೇಬಿನ ಲೈಟರ್ ಅಥವಾ ಉದ್ದ ಕಡ್ಡಿ. ಕಡ್ಡಿಯಾದರೆ ಮದ್ದು ಪೂರ್ತಿ ಉರಿದು ಹೋಗಲಿ, ಬರೀ ಕಟ್ಟಿಗೆಯ ಉರಿ ಉಳಿದಾಗ ಹಿಡಿಯಿರಿ. ಪೆಟ್ರೋಲಿನ ಲೈಟರ್, ಮೇಣದ ಬತ್ತಿ, ಎಣ್ಣೆ ದೀಪ ಮೂರರ ವಾಸನೆಯೂ ಎಲೆಗೆ ಅಂಟುತ್ತದೆ. ನಮ್ಮ ಬಳಗದ ಒಬ್ಬರು ಗಾಳಿಗೆ ಕಡ್ಡಿ ನಿಲ್ಲುತ್ತಿಲ್ಲವೆಂದು ಕರ್ಪೂರ ಹಚ್ಚಿ ಅದರಿಂದ ಸಿಗಾರ್ ಹೊತ್ತಿಸಿಕೊಂಡರು. ಕೊನೆಯವರೆಗೂ ಮಂಗಳಾರತಿ. ಸಿಗಾರನ್ನು ಓರೆಯಾಗಿ ಹಿಡಿದು ಉರಿಯ ಮೇಲ್ಗಡೆ, ಉರಿ ತಾಗದಂತೆ, ರೊಟ್ಟಿಯನ್ನು ಕೆಂಡಕ್ಕೆ ತೋರಿಸುವ ಹಾಗೆ ತಿರುಗಿಸುತ್ತ ಸುಡಬೇಕು. ಅಂಚು ಕಪ್ಪಾಗಿ, ಸುತ್ತಲೂ ಸಣ್ಣ ಕೆಂಪು ಗೆರೆ ಬಂದಮೇಲೆ ಬಾಯಿಗಿಟ್ಟು ಎರಡು ಮೂರು ಸಲ ಮೆಲ್ಲಗೆ ಎಳೆಯಿರಿ. ತೆಗೆದು ತುದಿಗೆ ಊದಿ ನೋಡಿ. ಕೆಂಡ ಎಲ್ಲ ಕಡೆ ಒಂದೇ ಸಮ ಇದ್ದರೆ ಸರಿ, ಒಂದು ಕಡೆ ಕಪ್ಪಿದ್ದರೆ ಅಲ್ಲಿಗೆ ಮತ್ತೊಮ್ಮೆ ಉರಿ ತೋರಿಸಿ.

ಆಮೇಲೆ ನಿಮಿಷಕ್ಕೆ ಒಂದೇ ಎಳೆತ. ಎದೆಗೆ ಇಳಿಸಬೇಡಿ. ಹೊಗೆ ಬಾಯಲ್ಲಿ ಒಂದು ಕ್ಷಣ ಸುತ್ತಿ ಹೋಗಲಿ. ಬೇಗಬೇಗ ಎಳೆದರೆ ಕೆಂಡ ಬಿಸಿಯಾಗಿ ಹೊಗೆ ಕಹಿಯಾಗುತ್ತದೆ. ಸಿಗರೇಟಿನಂತೆ ಬೂದಿ ಕೊಡವಬೇಡಿ. ಬೂದಿ ಒಂದು ಇಂಚಿನವರೆಗೆ ನಿಲ್ಲುತ್ತದೆ, ಕೆಂಡವನ್ನು ತಂಪಾಗಿಡುತ್ತದೆ. ಸಾಕೆನಿಸಿದಾಗ ತಟ್ಟೆಯ ಅಂಚಿಗೆ ಒರಗಿಸಿದರೆ ತಾನೇ ಬೀಳುತ್ತದೆ. ನನ್ನದು ತುಳಸಿ ಕುಂಡದ ಹಳೆಯ ಮಣ್ಣಿನ ತಟ್ಟೆ. ಕಾಗದದ ಪಟ್ಟಿಯನ್ನು ಆರಂಭದಲ್ಲೇ ಕೀಳಬೇಡಿ, ಬಿಸಿ ಹತ್ತಿರ ಬಂದಾಗ ಅಂಟು ಸಡಿಲಾಗಿ ಸಲೀಸಾಗಿ ಜಾರುತ್ತದೆ. ಆರಿಹೋದರೆ ಬೂದಿ ತೆಗೆದು ಮತ್ತೆ ಹಚ್ಚಿ, ತಪ್ಪೇನಿಲ್ಲ. ಒಂದು ಕಡೆ ಮಾತ್ರ ಉರಿಯುತ್ತ ಓಡಿದರೆ ಗಾಳಿಗೆ ಬೆನ್ನು ಮಾಡಿ ಕೂತು, ಹಿಂದುಳಿದ ಕಡೆಗೆ ಉರಿ ತೋರಿಸಿ. ಹೊದಿಕೆ ಸಣ್ಣಗೆ ಬಿರಿದರೆ ಅಂಟಿನುಂಡೆಗೆ ತಂದಿಟ್ಟ ಅಂಟಿನ ಹರಳು ಒಂದನ್ನು ನೀರಲ್ಲಿ ಕರಗಿಸಿ ಬೆರಳ ತುದಿಯಿಂದ ಹಚ್ಚುತ್ತೇನೆ. ಸಿಗಾರ್ ಸುತ್ತುವವರು ಟೋಪಿ ಅಂಟಿಸುವುದೂ ಸಸ್ಯದ ಅಂಟಿನಿಂದಲೇ.

ಜೊತೆಗೆ ಕುಡಿಯಲು ವಿಸ್ಕಿಯೇ ಬೇಕೆಂದು ಯಾರು ಹೇಳಿದರೋ. ನನಗೆ ಹಾಲು ಕಡಿಮೆ ಹಾಕಿದ ಫಿಲ್ಟರ್ ಕಾಫಿ. ಭಾವ ಮಾಟುಂಗಾದಿಂದ ಬರುವಾಗ ಪುಡಿ ಬೀಸಿಸಿಕೊಂಡು ತರುತ್ತಾರೆ.

ಈಗ ಕಹಿ ಮಾತು. ಎದೆಗೆ ಎಳೆಯುವುದಿಲ್ಲವಾದ್ದರಿಂದ ಸಿಗಾರ್ ನಿರಪಾಯ ಎನ್ನುವವರನ್ನು ನಂಬಬೇಡಿ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಇದೂ ದಾರಿ, ಇಷ್ಟರವರೆಗೆ ಪರವಾಗಿಲ್ಲ ಎಂಬ ಗೆರೆ ಇಲ್ಲ. ವರ್ಷಕ್ಕೆ ನಾಲ್ಕು ಎಂಬುದು ವೈದ್ಯರು ಬರೆದುಕೊಟ್ಟದ್ದಲ್ಲ, ನಾನೇ ಹಾಕಿಕೊಂಡ ಬೇಲಿ. ಅಪ್ಪನ ಜೊತೆ ವಖಾರಿಯಲ್ಲಿ ಲೆಕ್ಕ ಬರೆಯುತ್ತಿದ್ದ ಮಾಮಾ ಒಬ್ಬರಿದ್ದರು, ದವಡೆಯಲ್ಲಿ ಸದಾ ತಂಬಾಕಿನ ಚಿಟಿಕೆ. ಕೊನೆಯ ವರ್ಷ ಅರ್ಧ ದವಡೆ ತೆಗೆಸಿಕೊಂಡು, ಟವೆಲ್ ಮುಚ್ಚಿಕೊಂಡು ನಮ್ಮ ಪಡಸಾಲೆಯಲ್ಲಿ ಕೂರುತ್ತಿದ್ದರು. ಈವರೆಗೆ ತಂಬಾಕು ಮುಟ್ಟದವರು ಇದನ್ನು ಓದಿ ಶುರು ಮಾಡುವುದು ಬೇಡ. ಐದನೆಯದಕ್ಕೆ ಕೈ ತುರಿಸತೊಡಗಿದ ವರ್ಷ ನಾನು ಡಬ್ಬಿಯನ್ನೇ ಭಾವನ ಮನೆಗೆ ಕಳಿಸಿ, ಹದಿನಾಲ್ಕು ತಿಂಗಳು ತರಿಸಿಕೊಳ್ಳಲಿಲ್ಲ.

ನಾಲ್ಕರಲ್ಲಿ ಮೂರು ಸಂಜೆಗೆ ಗೊತ್ತಾದ ದಿನವಿಲ್ಲ. ನಾಲ್ಕನೆಯದು ಮಾತ್ರ ದಸರೆಯ ಸಂಜೆ. ಅವತ್ತು ನಮ್ಮ ಕಡೆಯವರು ನಾಲ್ಕೈದು ಜನ ಬನ್ನಿ ಕೊಡಲು ಬರುತ್ತಾರೆ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಎಲೆ ಕೊಟ್ಟು, ಎಲೆ ತಗೊಂಡು, ಹೋಳಿಗೆ ಊಟ ಮಾಡಿ ಗಚ್ಚಿಗೆ ಏರುತ್ತೇವೆ. ಮಳೆ ಹೋಗಿ ಹವೆ ಹಗುರಾಗಿರುತ್ತದೆ, ಎಲೆ ತಾನಾಗಿಯೇ ಹದದಲ್ಲಿರುತ್ತದೆ. ಹಚ್ಚುವ ಮೊದಲು ಎಲ್ಲರೂ ಕಿವಿಯ ಹತ್ತಿರ ಹಿಡಿದು ಹೊರಳಿಸುತ್ತಾರೆ. ಯಾಕೆಂದು ಅವರಿಗೆ ಗೊತ್ತಿಲ್ಲ, ನಾನು ಮಾಡುತ್ತೇನೆಂದು ಅವರೂ ಮಾಡುತ್ತಾರೆ. ಇಬ್ಬರು ಹಚ್ಚುವುದೇ ಇಲ್ಲ, ಮೂಸಿ ಜೇಬಿಗಿಟ್ಟುಕೊಂಡು ಕಾಫಿ ಕುಡಿಯುತ್ತಾರೆ.

ಕೊನೆಯ ಮೂರನೇ ಒಂದು ಭಾಗ ಬಿಟ್ಟುಬಿಡಿ, ಟಾರು ನಿಕೋಟಿನ್ ಅಲ್ಲಿಗೆ ಬಂದು ಸೇರಿರುತ್ತವೆ. ತಿಕ್ಕಿ ಆರಿಸಬೇಡಿ, ತಿಕ್ಕಿದರೆ ಕೆಟ್ಟ ಘಾಟು. ತಟ್ಟೆಯಲ್ಲಿಟ್ಟರೆ ಐದು ಹತ್ತು ನಿಮಿಷದಲ್ಲಿ ತಾನೇ ಆರುತ್ತದೆ. ಆರಿದ ತುಂಡನ್ನು ನೀರಿಗೆ ಅದ್ದಿ ಕಸಕ್ಕೆ ಹಾಕಿ, ಕುಂಡಕ್ಕೆ ಹಾಕಬೇಡಿ. ಬಾಯಿ ಮುಕ್ಕಳಿಸಿ, ಅಂಗಿಯನ್ನು ತಂತಿಗೆ ಹಾಕಿ, ಕೈಗೆ ನಿಂಬೆಸಿಪ್ಪೆ ಉಜ್ಜಿಕೊಳ್ಳಿ. ಮರುದಿನ ಬೆಳಿಗ್ಗೆ ಡಬ್ಬಿ ತೆಗೆದು ಮಾಪಕ ನೋಡಿ. 65ಕ್ಕಿಂತ ಕೆಳಗಿಳಿದಿದ್ದರೆ ಪೊಟ್ಟಣ ಬದಲಿಸುವ ಹೊತ್ತು ಬಂತು. ನಮ್ಮಲ್ಲಿ ಅದನ್ನು ಮೊದಲು ನೋಡುವವಳು ಹೆಂಡತಿ, "ಅರವತ್ತೆರಡೈತಿ ನೋಡ್ರಿ" ಎಂದು ಅಡುಗೆಮನೆಯಿಂದಲೇ ಕೂಗುತ್ತಾಳೆ.